ಅಮೆರಿಕದ ರಸ್ತೆ ತಪಾಸಣೆ: ತಪ್ಪು ಮಾಡದವರನ್ನೂ ತಡೆಯಬಹುದೇ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಪೊಲೀಸರು ರಸ್ತೆಗೆ ಅಡ್ಡ ನಿಂತು, ಅಳಿಯಂದಿರ ಕಾರನ್ನೂ ಸೇರಿಸಿ ಸಾಲಿನಲ್ಲಿ ಬಂದ ವಾಹನಗಳನ್ನೆಲ್ಲ ನಿಲ್ಲಿಸಿ, ಕುಡಿದಿದ್ದೀರಾ ಎಂದು ವಿಚಾರಿಸಿದರು. ಏನೂ ತಪ್ಪು ಮಾಡದವರನ್ನು ಹೀಗೆ ತಡೆಯಲು ಅಲ್ಲಿ ಕಾನೂನಿನ ಒಪ್ಪಿಗೆ ಇದೆಯೇ? ಇದೆಲ್ಲ ದಂಡದ ಹಣಕ್ಕಾಗಿ ಅಲ್ಲವೇ?

ಉತ್ತರ: ಒಪ್ಪಿಗೆ ಇದೆ, ಆದರೆ ಅದಕ್ಕೆ ಕಟ್ಟುಪಾಡುಗಳಿವೆ. ಸಕಾರಣವಿಲ್ಲದೆ ಯಾರನ್ನೂ ತಡೆದು ಶೋಧಿಸಬಾರದೆಂದು ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಹೇಳುತ್ತದೆ. ಒಬ್ಬ ಪೊಲೀಸ್ ಅಧಿಕಾರಿ ತನಗೆ ತೋಚಿದ ಕಾರನ್ನು ಬರಿದೇ ಪರವಾನಗಿ ನೋಡಲೆಂದು ನಿಲ್ಲಿಸುವುದು ಇದೇ ಕಾರಣಕ್ಕೆ ತಪ್ಪೆಂದು ಅಲ್ಲಿನ ಸುಪ್ರೀಂ ಕೋರ್ಟ್ 1979ರಲ್ಲಿ ತೀರ್ಪಿತ್ತಿತು. ಆದರೆ ಮೊದಲೇ ಗೊತ್ತುಪಡಿಸಿದ ಸ್ಥಳದಲ್ಲಿ ಎಲ್ಲರನ್ನೂ ಒಂದೇ ರೀತಿ ನಿಲ್ಲಿಸಿದರೆ ಅಧಿಕಾರಿಯ ಮನಸೋಇಚ್ಛೆಗೆ ಎಡೆಯಿರುವುದಿಲ್ಲ. 1990ರಲ್ಲಿ ಮಿಷಿಗನ್ ರಾಜ್ಯದ ಪ್ರಕರಣವೊಂದರಲ್ಲಿ ಅದೇ ಸುಪ್ರೀಂ ಕೋರ್ಟ್ ಇಂಥ ತಪಾಸಣೆಯನ್ನು ಎತ್ತಿಹಿಡಿಯಿತು. ಅಲ್ಲಿ ಸುಮಾರು ಒಂದೂಕಾಲು ಗಂಟೆಯಲ್ಲಿ 126 ವಾಹನಗಳು ಹಾದುಹೋಗಿದ್ದವು, ಒಂದೊಂದಕ್ಕೂ ಆದ ತಡ ಸರಾಸರಿ 25 ಸೆಕೆಂಡು, ಬಂಧನಕ್ಕೊಳಗಾದವರು ಇಬ್ಬರು. ವಿಚಿತ್ರವೆಂದರೆ, ಗೆದ್ದ ಮಿಷಿಗನ್ ಪೊಲೀಸರಿಗೇ ಆ ಗೆಲುವು ದಕ್ಕಲಿಲ್ಲ: ಅಮೆರಿಕದಲ್ಲಿ ರಾಜ್ಯಗಳಿಗೂ ತಮ್ಮದೇ ಸಂವಿಧಾನ, ತಮ್ಮದೇ ಸರ್ವೋಚ್ಚ ನ್ಯಾಯಾಲಯ ಇವೆ; ಇಂಥ ತಪಾಸಣೆ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು 1993ರಲ್ಲಿ ಮಿಷಿಗನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತಡೆಯಿತು.

ಇನ್ನು ಉದ್ದೇಶದ ಮಾತು. ಇಲ್ಲಿ ಕಾನೂನಿನ ನಿಲುವು ಸ್ವಲ್ಪ ಸೂಕ್ಷ್ಮವಾದುದು. ಚಾಲಕನು ನಿಯಮ ಮುರಿದದ್ದು ಕಣ್ಣಿಗೆ ಕಂಡಿದ್ದರೆ, ತಡೆದ ಅಧಿಕಾರಿಯ ಮನಸ್ಸಿನಲ್ಲಿ ಬೇರೇನಿತ್ತೆಂಬುದನ್ನು ನ್ಯಾಯಾಲಯ ಕೆದಕುವುದಿಲ್ಲ ಎಂಬುದು 1996ರ ತೀರ್ಪು. ಆದರೆ ಯಾರ ಮೇಲೂ ಸಂಶಯವಿಲ್ಲದೆ ಎಲ್ಲರನ್ನೂ ತಡೆಯುವಾಗ, ಆ ಕಾರ್ಯಕ್ರಮದ ಮುಖ್ಯ ಉದ್ದೇಶವನ್ನೇ ಅದು ಪರಿಶೀಲಿಸುತ್ತದೆ. ಇಂಡಿಯಾನಾಪೊಲಿಸ್ ನಗರ ಮಾದಕ ವಸ್ತುಗಳ ಪತ್ತೆಗೆಂದು ನಡೆಸಿದ ತಪಾಸಣೆಯನ್ನು 2000ದಲ್ಲಿ ಅಸಿಂಧುಗೊಳಿಸಿದ್ದು ಇದೇ ಆಧಾರದ ಮೇಲೆ. ರಸ್ತೆಯ ಸುರಕ್ಷತೆ ಬೇರೆ, ಸಾಮಾನ್ಯ ಅಪರಾಧಗಳ ಪತ್ತೆ ಬೇರೆ.

ಹಣದ ಬಗೆಗಿನ ನಿಮ್ಮ ಗುಮಾನಿಯನ್ನು ತಳ್ಳಿಹಾಕುವಂತಿಲ್ಲ. ಮಿಸ್ಸೌರಿಯ ಫರ್ಗ್ಯುಸನ್ ನಗರದ ಪೊಲೀಸರು ಸಾರ್ವಜನಿಕರ ಸುರಕ್ಷತೆಗಿಂತ ನಗರದ ಬೊಕ್ಕಸದ ಆದಾಯಕ್ಕೇ ಗಮನ ಕೊಡುತ್ತಿದ್ದರೆಂದು ಅಮೆರಿಕದ ನ್ಯಾಯ ಇಲಾಖೆಯೇ 2015ರ ವರದಿಯಲ್ಲಿ ಹೇಳಿದೆ. ಆದರೂ ಕುಡಿತದ ತಪಾಸಣೆ ದುಡ್ಡು ಮಾಡುವ ಸುಲಭ ದಾರಿಯೆಂದು ನನಗನಿಸುವುದಿಲ್ಲ, ಏಕೆಂದರೆ ಅದಕ್ಕೆ ಇಡೀ ರಾತ್ರಿ ಹತ್ತಾರು ಸಿಬ್ಬಂದಿ ಬೇಕು. ಅವರ ಹೆಚ್ಚುವರಿ ದುಡಿಮೆಯ ಭತ್ಯೆಗೆ ಕೇಂದ್ರ ಸರ್ಕಾರದ ಅನುದಾನ ಬರುವುದುಂಟು. ಸ್ವಹಿತ ಹುಡುಕುವುದಾದರೆ ದಂಡಕ್ಕಿಂತ ಅಲ್ಲಿಯೇ ಹುಡುಕಬೇಕು.

ಅಳಿಯಂದಿರು ಪ್ರಶ್ನಿಸಲು ಬಯಸಿದರೆ ಕೇಳಬೇಕಾದ್ದು ಬೇರೆ. ಸ್ಥಳವನ್ನು ಆಯ್ದವರು ಮೇಲಧಿಕಾರಿಗಳೇ, ಯಾವ ಕಾರುಗಳನ್ನು ನಿಲ್ಲಿಸಬೇಕೆಂಬ ಲೆಕ್ಕ ಮೊದಲೇ ನಿಗದಿಯಾಗಿತ್ತೇ, ದೀಪ ಮತ್ತು ಸೂಚನಾಫಲಕಗಳು ದೂರಕ್ಕೇ ಕಾಣುವಂತಿದ್ದವೇ? ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ಹಾಕಿಕೊಟ್ಟ ಅಳತೆಗೋಲುಗಳಲ್ಲಿ ಇವೂ ಸೇರಿವೆ.