ಇಂಟರ್ನಲ್ ಅಂಕ ಆಮೇಲೆ, ಮೊದಲು ಹಿಂದಿನ ಬೆಂಚಿಗೆ ಹೋಗಿ ಕೂತುಕೊಳ್ಳಿ

ಶಾಲೆಗೆ ಹೋಗಿ ಪಾಠ ಮಾಡಿ ಕಲಿಯುವ ಇಂಟರ್ನ್‌ಶಿಪ್ ಶುರುವಾದರೆ ಸಾಕು, ಶಿಕ್ಷಕರನ್ನು ತಯಾರು ಮಾಡುವ ಬಿ.ಇಡಿ ಮತ್ತು ಡಿ.ಎಲ್.ಇಡಿ ಕಾಲೇಜುಗಳಿಂದ ನನಗೆ ಪ್ರಶ್ನೆಗಳು ಬರುತ್ತವೆ. ರಾಯಚೂರು, ಕೊಪ್ಪಳ, ಬಳ್ಳಾರಿ ಯಾವ ಕಡೆಯಿಂದ ಬಂದರೂ ಪ್ರಶ್ನೆ ಮಾತ್ರ ಅವೇ. ಒಂದಕ್ಕೆ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಒಂದೆರಡು ಮಾತು ಸಾಕು.

ಪ್ರಶ್ನೆ: ಮೇಡಂ, ನಾನು ಸಿಂಧನೂರು ಕಡೆ ಬಿ.ಇಡಿ ಕಾಲೇಜಿನಲ್ಲಿ ಉಪನ್ಯಾಸಕ. ನಮ್ಮ ಪ್ರಶಿಕ್ಷಣಾರ್ಥಿಗಳ (ಶಿಕ್ಷಕರಾಗಲು ಕಲಿಯುತ್ತಿರುವವರ) ಪಾಠ ಯೋಜನೆ, ರೆಕಾರ್ಡ್ ಎಲ್ಲ ಚೆನ್ನಾಗಿವೆ. ಇಂಟರ್ನಲ್‌ನಲ್ಲಿ ಎಲ್ಲರಿಗೂ ಒಳ್ಳೆ ಅಂಕ. ಶಾಲೆಗೆ ಹೋದರೆ ಅರ್ಧ ಜನ ಒದ್ದಾಡುತ್ತಾರೆ. ಯಾರು ಹಿಂದೆ ಬಿದ್ದಿದ್ದಾರೆ ಅಂತ ಮೊದಲೇ ತಿಳಿಯುವುದು ಹೇಗೆ? ಪ್ರಗತಿ ಬರೆದಿಡಲು ಒಳ್ಳೆ ಫಾರ್ಮ್ಯಾಟ್ ಇದ್ದರೆ ಕಳಿಸಿ.

ಫಾರ್ಮ್ಯಾಟ್ ಕಳಿಸುವುದಿಲ್ಲ. ನಿಮ್ಮ ಕಾಲೇಜಿನ ಬೀರುವಿನಲ್ಲಿ ಆಗಲೇ ಬೇಕಾದಷ್ಟು ಇರುತ್ತವೆ. ನೀವು ಎಷ್ಟು ಪಾಠಗಳನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದ್ದೀರಿ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಗಳಿಂದ ಬಿ.ಇಡಿ ಎರಡು ವರ್ಷದ ಕೋರ್ಸ್ ಆಯಿತು. ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರ. ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ಇಷ್ಟು ದಿನ ಇರುವುದು ಒಮ್ಮೆ ತಪ್ಪಿದ್ದನ್ನು ನೋಡಿ, ತಿದ್ದಿಕೊಂಡು, ಮತ್ತೆ ಮಾಡಲಿ ಅಂತ. ನಾವು ಮಾಡುತ್ತಿರುವುದೇನು? ಸ್ಟಾಫ್ ರೂಮಿನಲ್ಲಿ ಕೂತು ರೆಕಾರ್ಡಿಗೆ ಸಹಿ ಹಾಕುತ್ತೇವೆ. ಬಹಳ ಅಂದರೆ ಹತ್ತು ನಿಮಿಷ ಬಾಗಿಲಲ್ಲಿ ನಿಂತು ಬರುತ್ತೇವೆ.

ಕುಷ್ಟಗಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನೋಡಿದ ಪಾಠದ ಬಗ್ಗೆ ಹೇಳುತ್ತೇನೆ. ಆರನೇ ತರಗತಿ, ಭಿನ್ನರಾಶಿ ಕೂಡುವುದು. ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಹುಡುಗಿಯ ಚಾರ್ಟು, ಬೋರ್ಡಿನ ಮೇಲಿನ ಅಕ್ಷರ, ದನಿ ಎಲ್ಲ ಚೆಂದ. ಏನು ಕೇಳಿದರೂ ಮುಂದಿನ ಬೆಂಚಿನ ಮೂರು ಮಕ್ಕಳು ಉತ್ತರ ಹೇಳುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದ ಮಗುವಿನ ನೋಟ್‌ಬುಕ್ಕಿನಲ್ಲಿ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಅಂತ ಬರೆದಿತ್ತು. ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿತ್ತು. ಸುತ್ತಲಿನ ನಾಲ್ಕು ನೋಟ್‌ಬುಕ್ಕಿನಲ್ಲೂ ಅದೇ. ಆಕೆ ಎರಡನೇ ಬೆಂಚು ದಾಟಿ ಬರಲೇ ಇಲ್ಲ.

ಪಾಠ ಮುಗಿದ ಮೇಲೆ ವರಾಂಡದಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಹಿಂದಿನ ಸಾಲಿನವರು ಏನು ಬರ್ಕೊಂಡಾರವ್ವ?" ಆಕೆಗೆ ಗೊತ್ತಿರಲಿಲ್ಲ. ನಾಳೆ ಒಂದು ಕೆಲಸ ಮಾಡು ಅಂದೆ. ಪ್ರತಿ ಲೆಕ್ಕ ಆದ ಮೇಲೆ ಹಿಂದೆ ಹೋಗಿ ಮೂರು ನೋಟ್‌ಬುಕ್ ನೋಡು, ಬೇರೇನೂ ಬದಲಿಸಬೇಡ. ಮರುದಿನ ಆ ಐದನೇ ಎರಡು ಆಕೆಯ ಕಣ್ಣಿಗೇ ಬಿತ್ತು. ಮೂರನೇ ದಿನ ಬುತ್ತಿಯಿಂದ ಎರಡು ಜೋಳದ ರೊಟ್ಟಿ ತೆಗೆದಳು. ಒಂದರಲ್ಲಿ ಅರ್ಧ ಮುರಿದು ತಟ್ಟೆಯಲ್ಲಿ ಇಟ್ಟಳು. ಇನ್ನೊಂದರಲ್ಲಿ ಮೂರರಲ್ಲಿ ಒಂದು ಪಾಲು ತೆಗೆದು ಪಕ್ಕಕ್ಕೆ ಸೇರಿಸಿದಳು. "ಐದು ಪಾಲಿನಾಗ ಎರಡು ಅಂದ್ರ ಅರ್ಧ ರೊಟ್ಟಿಗಿಂತ ಕಡಿಮಿ. ಅರ್ಧಕ್ಕ ಇನ್ನಷ್ಟು ಹಾಕಿದ್ರ ಕಡಿಮಿ ಆಗ್ತದೇನು?" ಅಂತ ಕೇಳಿದಳು. ಈ ಸಲ ಹಿಂದಿನ ಬೆಂಚಿನವರೇ ಮೊದಲು ಕೂಗಿದರು. ಆ ರೊಟ್ಟಿ ಆಕೆಯ ಪಾಠ ಯೋಜನೆಯಲ್ಲಿ ಎಲ್ಲೂ ಇರಲಿಲ್ಲ.

ನೀವು ಮಾಡಬೇಕಾದದ್ದೂ ಇಷ್ಟೇ. ಮೊದಲ ಎರಡು ವಾರದಲ್ಲಿ ಪ್ರತಿಯೊಬ್ಬರದೂ ಕನಿಷ್ಠ ಎರಡು ಪಾಠ ಪೂರ್ತಿ ನೋಡಿ. ಒಂದು ಹಾಳೆಯಲ್ಲಿ ಮಕ್ಕಳು ಕೂತಿರುವ ಜಾಗದ ನಕ್ಷೆ ಬರೆದುಕೊಳ್ಳಿ. ಪ್ರಶ್ನೆ ಯಾವ ಮಗುವಿಗೆ ಹೋಯಿತೋ ಅಲ್ಲಿ ಒಂದು ಗೆರೆ ಎಳೆಯಿರಿ. ತರಗತಿಯ ಮಾತುಕತೆಯನ್ನು ವಿಂಗಡಿಸುವ ಫ್ಲಾಂಡರ್ಸ್ ಅವರ 10 ವರ್ಗಗಳನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಆದರೆ 3 ಸೆಕೆಂಡಿಗೊಮ್ಮೆ ಗುರುತು ಹಾಕುತ್ತಾ ಕೂರಲು ಪುರುಸೊತ್ತು ಯಾರಿಗಿದೆ? ಈ ಗೆರೆಗಳೇ ಸಾಕು. ಗೆರೆಯೆಲ್ಲ ಮುಂದಿನ ಬೆಂಚಿಗೇ ಬಿದ್ದಿದ್ದರೆ, ಕಿಟಕಿ ಪಕ್ಕದ ಹೆಣ್ಣುಮಕ್ಕಳಿಗೆ ಒಂದೂ ಇಲ್ಲದಿದ್ದರೆ, ಮನೆಯಲ್ಲಿ ತೆಲುಗು ಮಾತಾಡುವ ಹುಡುಗನ ಜಾಗ ಖಾಲಿ ಇದ್ದರೆ, ಹಾಳೆಯನ್ನು ಸುಮ್ನೆ ಅವರ ಕೈಗೆ ಕೊಡಿ. ನೀವು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಗುತ್ತದೆ.

ಹೇಳುವುದು ಅವತ್ತೇ ಹೇಳಿ, ಒಂದೇ ಹೇಳಿ. ಹತ್ತು ದೋಷ ಪಟ್ಟಿ ಮಾಡಿದರೆ ಯಾವುದೂ ತಲೆಗೆ ಹೋಗಲ್ಲ. ಆಮೇಲೆ ಎರಡು ದಿನದೊಳಗೆ ಮತ್ತೆ ಹೋಗಿ ಆ ಒಂದನ್ನು ಮಾತ್ರ ನೋಡಿ. ಚಿಕ್ಕ ಪಾಠ ಮಾಡಿ ಒಂದೊಂದೇ ಕೌಶಲ ರೂಢಿಸಿಕೊಳ್ಳುವ ಮೈಕ್ರೋ ಟೀಚಿಂಗ್‌ನ ಲೆಕ್ಕ ನಿಮಗೆ ಗೊತ್ತೇ ಇದೆ: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮತ್ತೆ ತಯಾರಿ, 6 ನಿಮಿಷ ಮರುಪಾಠ, ಇನ್ನೊಮ್ಮೆ 6 ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಇದರಲ್ಲಿ ಜೀವ ಇರುವುದೇ ಮರುಪಾಠದಲ್ಲಿ. ಅದನ್ನು ಮಾಡಿಸದೆ ರೆಕಾರ್ಡಿನಲ್ಲಿ ಬರೆಸಿಕೊಳ್ಳುವ ಕಾಲೇಜುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಎಚ್ಚರಿಕೆ. ಪಾಠದ ಮಧ್ಯೆ ಎದ್ದು ನಿಂತು ತಿದ್ದಬೇಡಿ. ಒಮ್ಮೆ ನಾನು ಆ ತಪ್ಪು ಮಾಡಿದ್ದೇನೆ. ಒಬ್ಬ ಪ್ರಶಿಕ್ಷಣಾರ್ಥಿ ಹುಡುಗ ಬೋರ್ಡಿನ ಮೇಲೆ ಬರೆದ ಒಂದು ಲೆಕ್ಕವನ್ನು ಮಕ್ಕಳ ಎದುರೇ ಸರಿ ಮಾಡಿದೆ. ಉಳಿದ ವಾರಗಳಲ್ಲಿ ಆ ಮಕ್ಕಳು ಆ ಹುಡುಗನ ಮಾತು ಕೇಳಲೇ ಇಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಹಿಂದೆ ಬಿದ್ದವರನ್ನು ಗುರುತಿಸಿದ ಮೇಲೆ ಕಾರಣ ಕೇಳಿ. ದೇವದುರ್ಗದ ಹಳ್ಳಿಯಿಂದ ಬರುವ ಹೆಣ್ಣುಮಗಳು ನಸುಕಿನಲ್ಲೇ ಎದ್ದು, ಅಡುಗೆ ಮುಗಿಸಿ, ಎರಡು ಬಸ್ ಬದಲಿಸಿ ಬರುತ್ತಿರಬಹುದು. ಆಕೆಗೆ ಬೇಕಾದದ್ದು ಮನೆಗೆ ಹತ್ತಿರದ ಶಾಲೆ. ಲೇಟಾಗಿದ್ದಕ್ಕೆ ದಂಡ ಹಾಕಿದರೆ ಪಾಠ ಸುಧಾರಿಸುತ್ತದಾ? ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಹೊಲಕ್ಕೆ ಹೋಗಿ ತರಗತಿ ಅರ್ಧ ಖಾಲಿ ಇದ್ದರೆ, ಅದನ್ನೂ ಪ್ರಶಿಕ್ಷಣಾರ್ಥಿಯ ತಲೆಗೆ ಕಟ್ಟಬೇಡಿ. ವಾಪಸ್ ಬಂದ ಮಕ್ಕಳನ್ನು ಮತ್ತೆ ಪಾಠಕ್ಕೆ ಸೇರಿಸಿಕೊಳ್ಳುವುದು ಹೇಗೆ ಅಂತ ಜೊತೆಯಲ್ಲಿ ಕೂತು ಯೋಚಿಸಿ.

ಪ್ರಶ್ನೆ: ಕಾಲೇಜಿಗೆ ಬರುವುದೇ ಬೇಡ, ಬಿ.ಇಡಿ ಮುಗಿಸಿಕೊಡುತ್ತೇವೆ ಅಂತ ಒಬ್ಬರು ದುಡ್ಡು ಕೇಳಿದ್ದಾರೆ. ಕೊಡಬಹುದಾ?

ಕೊಡಬೇಡಿ. ತರಗತಿಗೆ ಶೇ 80, ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಇರಲೇಬೇಕು ಅನ್ನುತ್ತದೆ ಎನ್‌ಸಿಟಿಇ ನಿಯಮ. ಹಾಗೆ ಹೇಳುವವರು ದಲ್ಲಾಳಿಗಳು. ನಾಳೆ ನಿಮ್ಮ ಮುಂದೆ ಕೂರುವ ನಲವತ್ತು ಮಕ್ಕಳಿಗೂ ಇದು ಮೋಸ.

ಪ್ರಶ್ನೆ: ಬೆರಳಚ್ಚು ನೋಡಿ ಯಾವ ವಿದ್ಯಾರ್ಥಿ ಹೇಗೆ ಕಲಿಯುತ್ತಾನೆ ಅಂತ ಹೇಳುವ ಪರೀಕ್ಷೆಯನ್ನು ನಮ್ಮ ಕಾಲೇಜಿನಲ್ಲಿ ಮಾಡಿಸಬೇಕೆಂದಿದ್ದಾರೆ.

ಬೆರಳಿನ ಗೆರೆಗೂ ಕಲಿಕೆಗೂ ಸಂಬಂಧ ಇಲ್ಲ. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಅಂತ ವಿಂಗಡಿಸಿ ಪಾಠ ಮಾಡುವುದಕ್ಕೂ ಸರಿಯಾದ ಆಧಾರ ಇಲ್ಲ ಅಂತ 2008ರಲ್ಲೇ ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದಾರೆ. ಆ ದುಡ್ಡಿನಲ್ಲಿ ಲೈಬ್ರರಿಗೆ ಪುಸ್ತಕ ತನ್ನಿ.

ಪ್ರಶ್ನೆ: ಇಂಟರ್ನ್‌ಶಿಪ್ ಬಿಟ್ಟು ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಕೋಚಿಂಗ್‌ಗೆ ಹೋಗಲಾ?

ಬೇಡ. ಸಂಜೆ ಓದಿ.

ಪ್ರಶ್ನೆ: ಪಾಠ ಮಾಡುವಾಗ ನಮ್ಮ ಊರ ಮಾತು ಬಂದುಬಿಡುತ್ತದೆ. ಮೇಲ್ವಿಚಾರಕರು ಅಂಕ ಕಳೆದರು.

ಬರಲಿ ಬಿಡಿ. ಮೂರನೇ ತರಗತಿ ಮಗುವಿಗೆ ಗೊತ್ತಿರುವುದು ಉಳ್ಳಾಗಡ್ಡಿ, ಪುಸ್ತಕದಲ್ಲಿರುವುದು ಈರುಳ್ಳಿ. ಉಳ್ಳಾಗಡ್ಡಿಯಿಂದ ಶುರು ಮಾಡಿ ಈರುಳ್ಳಿಗೆ ಕರೆದುಕೊಂಡು ಹೋಗುವುದೇ ನಿಮ್ಮ ಕೆಲಸ. ಅಂಕ ಕಳೆದವರ ಹತ್ತಿರ ಹೋಗಿ ಯಾವ ಮಗುವಿಗೆ ಅರ್ಥ ಆಗಲಿಲ್ಲ ಅಂತ ಮರ್ಯಾದೆಯಿಂದಲೇ ಕೇಳಿ. ಬೇಕಾದರೆ ಈ ಉತ್ತರ ತೋರಿಸಿ.