ಮುತ್ತಜ್ಜಿಯ ತವರು ಹುಡುಕುವ ಬಗೆ

ಪ್ರಶ್ನೆ: ಸೊಸೆಯ ಮುತ್ತಜ್ಜ ಐರ್ಲೆಂಡಿನ ಕಾರ್ಕ್ ಕೌಂಟಿಯಿಂದ ಅಮೆರಿಕದ ಆರೆಗಾನ್‌ಗೆ ಹೋಗಿ, ಲೇಕ್‌ವ್ಯೂ ಸುತ್ತಮುತ್ತ ಕುರಿ ಸಾಕಿದವರು. 1910ರ ಸುಮಾರಿಗೆ ಅಲ್ಲೇ ಮದುವೆ. ಮುತ್ತಜ್ಜಿಯೂ ಐರಿಷ್, ಆದರೆ ತವರೂರು ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನೇರ ಐರ್ಲೆಂಡಿಗೆ ಹಾರಬೇಡಿ, ಅಲ್ಲಿ ಒಂದೇ ಹೆಸರಿನವರು ಡಜನ್‌ಗಟ್ಟಲೆ ಸಿಗುತ್ತಾರೆ. ಮೊದಲು ಮದುವೆಯಾದ ಕ್ಯಾಥೊಲಿಕ್ ಚರ್ಚಿನ ಪುಸ್ತಕ ನೋಡಿಸಿ. ತಂದೆತಾಯಿಯ ಹೆಸರು ಸಿಗಬಹುದು. ಸಾಕ್ಷಿಗಳ ಹೆಸರನ್ನೂ ಬರೆದುಕೊಳ್ಳಿ. ಅವರು ಎಷ್ಟೋ ಸಲ ಹುಡುಗಿಯ ಅಣ್ಣತಮ್ಮಂದಿರೋ ಊರಿನವರೋ ಆಗಿರುತ್ತಾರೆ.

ಪೌರತ್ವದ ಕಾಗದಗಳಲ್ಲೇ ಹಲವರು ಎಡವುವುದು. 1922ರ ಸೆಪ್ಟೆಂಬರ್‌ವರೆಗೆ ಗಂಡ ಪೌರನಾದರೆ ಹೆಂಡತಿಯೂ ತಾನಾಗಿಯೇ ಪೌರಳು. ಆಕೆಯ ಹೆಸರಿನ ಅರ್ಜಿ ಹುಡುಕಿ ಫಲವಿಲ್ಲ. ಗಂಡನ ಅರ್ಜಿ 1906ರ ಸೆಪ್ಟೆಂಬರ್ ನಂತರದ್ದಾದರೆ ಹುಟ್ಟೂರು ಸಿಗುತ್ತದೆ. ಹಿಂದಿನದಾದರೆ ಸಾಮಾನ್ಯವಾಗಿ ‘ಐರ್ಲೆಂಡ್’ ಎಂದಷ್ಟೇ ಇರುತ್ತದೆ.

ಅವರು ಸರ್ಕಾರಿ ಜಮೀನು ಪಡೆದಿದ್ದರೆ (1916ರ ಕಾಯ್ದೆಯಲ್ಲಿ ಪಶುಪಾಲಕರಿಗೆ 640 ಎಕರೆವರೆಗೆ ಅವಕಾಶವಿತ್ತು) ಆ ಕಡತವನ್ನು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಿಂದ ತರಿಸಿ. ಮನೆ, ಬೇಲಿ, ನೆರೆಯವರ ಹೇಳಿಕೆ ಎಲ್ಲ ಅದರಲ್ಲಿರುತ್ತವೆ. ನನ್ನ ಮಟ್ಟಿಗೆ ಕುರಿಗಾರರ ವಿಷಯದಲ್ಲಿ ಇದಕ್ಕಿಂತ ರಸವತ್ತಾದ ದಾಖಲೆಯಿಲ್ಲ.

ಆಮೇಲೆ ಐರ್ಲೆಂಡ್. 1901 ಮತ್ತು 1911ರ ಜನಗಣತಿ ಅಂತರ್ಜಾಲದಲ್ಲಿ ಉಚಿತ; ಹಿಂದಿನವು ಬಹುಪಾಲು ನಾಶವಾಗಿವೆ. 1864ರಿಂದ ಎಲ್ಲರ ಜನನ ನೋಂದಣಿ ಇದೆ, ತಾಯಿಯ ತವರಿನ ಅಡ್ಡಹೆಸರಿನ ಸಮೇತ. ಜನಗಣತಿಯ ವಯಸ್ಸನ್ನು ಮಾತ್ರ ನೆಚ್ಚಬೇಡಿ, ಐದು ವರ್ಷ ಆಚೀಚೆ ಹುಡುಕಿ.