ಸಿರಿಂಜ್ ಲಾಕ್ ಆದರೂ ಸೂಜಿ ಮೊನೆ ಬಯಲಲ್ಲೇ ಇರುತ್ತದೆ: ಸಂಪಾದಕರ ಉತ್ತರ

ಹಾವೇರಿ ಜಿಲ್ಲೆಯ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್ ಆಗಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ವಾರ್ಡಿನ ಪ್ಲಾಸ್ಟಿಕ್ ತ್ಯಾಜ್ಯದ ಕೆಂಪು ಚೀಲ ಎತ್ತುವಾಗ ಆಯಾ ಒಬ್ಬರ ಅಂಗೈಗೆ ಸೂಜಿ ಚುಚ್ಚಿದೆ. ಕೇಳಲು ಹೋದರೆ ಆಡಳಿತದವರು, ‘ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಆಟೊ ಡಿಸೇಬಲ್ ಸಿರಿಂಜನ್ನೇ ತರಿಸುತ್ತಿದ್ದೇವಲ್ಲ, ಅದಕ್ಕಿಂತ ಸುರಕ್ಷಿತವಾದದ್ದು ಇನ್ನೇನಿದೆ? ನೀವು ನೋಡಿಕೊಂಡು ಕೆಲಸ ಮಾಡಬೇಕು’ ಎಂದರಂತೆ. ಅಂಥ ಸಿರಿಂಜ್ ಇದ್ದ ಮೇಲೂ ಚುಚ್ಚುವುದು ಹೇಗೆ, ಚುಚ್ಚದಂಥ ಸಾಧನ ನಿಜವಾಗಿಯೂ ಇದೆಯೇ, ಎಲ್ಲವನ್ನೂ ಕೊಳ್ಳಲಾಗದ ಸಣ್ಣ ಆಸ್ಪತ್ರೆ ಮೊದಲು ಯಾವುದನ್ನು ಕೊಳ್ಳಬೇಕು ಎಂಬುದು ಅವರ ಪ್ರಶ್ನೆ.

ಸಹೋದರಿ, ಮೊದಲು ಆ ಆಯಾ ಅವರ ವಿಚಾರ. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ೨ ಗಂಟೆಯೊಳಗೆ, ತಡವೆಂದರೂ ೭೨ ಗಂಟೆಯೊಳಗೆ ಶುರು ಮಾಡಬೇಕು. ನಿಮ್ಮ ಪತ್ರ ನಮಗೆ ಬಂದು ಸೇರುವಷ್ಟರಲ್ಲಿ ಆ ಗಡುವು ಮುಗಿದಿತ್ತು. ಹಾಗೆಂದು ಕೈಬಿಡಬೇಡಿ. ಅವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಈಗಲೇ ಮಾಡಿಸಿ. ಎಚ್‌ಐವಿ ಪರೀಕ್ಷೆಯನ್ನು ಚುಚ್ಚಿದ ದಿನದಿಂದ ೬ ವಾರಕ್ಕೆ ಮತ್ತು ೩ ತಿಂಗಳಿಗೆ, ಹೆಪಟೈಟಿಸ್ ಸಿ ಪರೀಕ್ಷೆಯನ್ನು ೬ ತಿಂಗಳಿಗೆ ಮತ್ತೆ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲವಾದರೆ ಇವತ್ತೇ ಮೊದಲ ಡೋಸ್ ಕೊಡಿಸಿ. ಹೆಚ್ಚು ಭಯಪಡಬೇಕಾದದ್ದು ಇದೇ ರೋಗಕ್ಕೆ. ಲಸಿಕೆಯಿಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ ೬ರಿಂದ ೩೦. ಹೆಪಟೈಟಿಸ್ ಸಿ ನೂರಕ್ಕೆ ೨ನ್ನೂ ಮುಟ್ಟುವುದಿಲ್ಲ, ಎಚ್‌ಐವಿ ಸಾವಿರಕ್ಕೆ ೩ರಷ್ಟು. ಅಲ್ಲದೆ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕಿರಬಲ್ಲದು. ಕಸದ ಚೀಲದ ಸೂಜಿಯನ್ನು ‘ಹಳೆಯದು, ಒಣಗಿದೆ’ ಎಂದು ತಳ್ಳಿಹಾಕುವಂತಿಲ್ಲ.

ಇನ್ನು ಆಟೊ ಡಿಸೇಬಲ್ ಸಿರಿಂಜ್. ನಿಮ್ಮ ಆಡಳಿತದವರು ಎಡವಿರುವುದು ಇಲ್ಲಿಯೇ. ಈ ಸಿರಿಂಜ್ ಹುಟ್ಟಿದ್ದು ನರ್ಸಿನ ಕೈ ಉಳಿಸಲಿಕ್ಕಲ್ಲ, ಮುಂದಿನ ರೋಗಿಯನ್ನು ಉಳಿಸಲಿಕ್ಕೆ. ಒಂದೇ ಸಿರಿಂಜನ್ನು ಹತ್ತಾರು ಜನಕ್ಕೆ ಬಳಸಿ ರೋಗ ಹಬ್ಬಿಸುವುದನ್ನು ನಿಲ್ಲಿಸುವುದು ಅದರ ಗುರಿ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಸಿರಿಂಜ್ ಮರುಬಳಕೆಯಿಂದ ಎಚ್‌ಐವಿ ಹರಡುವ ಅಪಾಯದ ಬಗ್ಗೆ ೧೯೮೪ರಲ್ಲಿ ಪತ್ರಿಕೆಯಲ್ಲಿ ಓದಿದ ಇಂಗ್ಲೆಂಡಿನ ಮಾರ್ಕ್ ಕೊಸ್ಕಾ ಇದಕ್ಕಾಗಿಯೇ ‘ಕೆ೧’ ಸಿರಿಂಜ್ ರೂಪಿಸಿದರು. ಅದರ ಕೊಳವೆಯ ಒಳಗೋಡೆಯಲ್ಲಿ ಒಂದು ಸಣ್ಣ ಉಂಗುರದ ಏಣು ಇರುತ್ತದೆ. ಔಷಧ ತಳ್ಳುವ ದಂಡ, ಅಂದರೆ ಪ್ಲಂಜರ್, ಪೂರ್ತಿ ಒಳಗೆ ಹೋದಾಗ ಆ ಏಣನ್ನು ದಾಟಿ ಸಿಕ್ಕಿಕೊಳ್ಳುತ್ತದೆ. ಬಲವಂತವಾಗಿ ಹಿಂದಕ್ಕೆಳೆದರೆ ದಂಡವೇ ಮುರಿಯುತ್ತದೆ. ಇನ್ನೊಂದು ಬಗೆಯಲ್ಲಿ ಪ್ಲಂಜರಿಗೆ ಉಕ್ಕಿನ ಚಿಕ್ಕ ಕ್ಲಿಪ್ ಕೂರಿಸಿರುತ್ತಾರೆ. ಒಮ್ಮೆ ಔಷಧ ತಳ್ಳಿದ ಮೇಲೆ ಕ್ಲಿಪ್ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಲಸಿಕೆಗೆ ಇಂಥದ್ದನ್ನೇ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ (ಯುಎನ್‌ಎಫ್‌ಪಿಎ) ೧೯೯೯ರಲ್ಲಿ ಜಂಟಿಯಾಗಿ ಹೇಳಿದವು. ನಮ್ಮ ಅಂಗನವಾಡಿಗಳಲ್ಲಿ ಮಕ್ಕಳಿಗೆ ಹಾಕುವ ೦.೫ ಮಿ.ಲೀ. ಸಿರಿಂಜ್, ಬಿಸಿಜಿಯ ೦.೧ ಮಿ.ಲೀ. ಸಿರಿಂಜ್ ಈ ಜಾತಿಯವೇ. ಇದರ ಅಗತ್ಯದ ಬಗ್ಗೆ ಯಾರಿಗೂ ಅನುಮಾನ ಬೇಡ: ೨೦೦೯ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳಿಂದಲೇ ಹೆಪಟೈಟಿಸ್ ಬಿ ಹಬ್ಬಿ ಜನ ಪ್ರಾಣ ಕಳೆದುಕೊಂಡರು.

ಆದರೆ ಲಾಕ್ ಆಗುವುದು ಪ್ಲಂಜರ್. ಸೂಜಿಯ ಮೊನೆ ರಕ್ತ ಹತ್ತಿಸಿಕೊಂಡು ಹಾಗೇ ಹೊರಗಿರುತ್ತದೆ. ಅಷ್ಟೇ ಅಲ್ಲ, ಈ ಸಿರಿಂಜುಗಳಲ್ಲಿ ಸಾಮಾನ್ಯವಾಗಿ ಸೂಜಿ ಕೊಳವೆಗೇ ಅಂಟಿಕೊಂಡಿರುತ್ತದೆ, ತಿರುಚಿ ಬಿಡಿಸಲು ಬರುವುದಿಲ್ಲ. ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ, ಸೂಜಿ ಸಮೇತ ಇರುವ ಸಿರಿಂಜ್ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ, ಸೋರದ ಬಿಳಿ ಡಬ್ಬಿಗೆ. ಹಬ್ ಕಟರ್ ಎಂಬ ಸಾಧನದಲ್ಲಿ ಸೂಜಿಯನ್ನು ಬುಡದಲ್ಲೇ ಕತ್ತರಿಸಿದ ಮೇಲೆ ಉಳಿದ ಪ್ಲಾಸ್ಟಿಕ್ ಕೊಳವೆಯಷ್ಟೇ ಕೆಂಪು ಚೀಲಕ್ಕೆ. ಕಟರ್ ನರ್ಸಿಂಗ್ ಸ್ಟೇಷನ್ನಿನಲ್ಲಿ, ರೋಗಿ ವಾರ್ಡಿನ ಕೊನೆಯಲ್ಲಿ, ಕೈಗೆ ಹತ್ತಿರ ಇರುವುದು ಕೆಂಪು ಚೀಲ ಎಂದಾದರೆ ರಾತ್ರಿ ಪಾಳಿಯ ಗಡಿಬಿಡಿಯಲ್ಲಿ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಿಲ್ಲ. ಆಯಾ ಅವರಿಗೆ ಚುಚ್ಚಿದ ಸೂಜಿ ಆ ಚೀಲಕ್ಕೆ ಬಂದದ್ದು ಬಹುಮಟ್ಟಿಗೆ ಹೀಗೆಯೇ ಇರಬೇಕು. ‘ನೋಡಿಕೊಂಡು ಕೆಲಸ ಮಾಡಿ’ ಎಂಬ ಮಾತಿನಿಂದ ಆ ಡಬ್ಬಿ ಹತ್ತಿರಕ್ಕೆ ಬರುವುದಿಲ್ಲ.

ಆ ಮಾತು ಎಷ್ಟು ಪೊಳ್ಳು ಎಂಬುದು ಗೊತ್ತಾಗಿ ದಶಕಗಳೇ ಆಗಿವೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜನೀನ್ ಜಾಗರ್ ಮತ್ತು ಸಂಗಡಿಗರು ಒಂದು ಆಸ್ಪತ್ರೆಯ ೩೨೬ ಚುಚ್ಚುಗಾಯಗಳನ್ನು ಪರಿಶೀಲಿಸಿ ೧೯೮೮ರಲ್ಲಿ ಪ್ರಕಟಿಸಿದರು. ಯಾರಿಗೆ ಚುಚ್ಚಿತು ಎಂಬುದರ ಜತೆಗೆ ಯಾವ ಸಾಧನ ಚುಚ್ಚಿತು, ಆ ಸಾಧನ ಎಷ್ಟು ಖರೀದಿಯಾಗಿತ್ತು ಎಂದೂ ಲೆಕ್ಕ ಹಾಕಿದರು. ಬಳಸಿದ ಮೇಲೆ ಬಿಡಿಭಾಗ ಕಳಚಬೇಕಾದ ಸಾಧನಗಳು ಸಾಮಾನ್ಯ ಸಿರಿಂಜಿಗಿಂತ ೫.೩ ಪಟ್ಟಿನವರೆಗೂ ಹೆಚ್ಚು ಚುಚ್ಚಿದ್ದವು. ಮೂರರಲ್ಲಿ ಒಂದು ಗಾಯ ಸೂಜಿಗೆ ಮತ್ತೆ ಕ್ಯಾಪ್ ಹಾಕುವುದಕ್ಕೆ ಸಂಬಂಧಿಸಿತ್ತು. ಜನ ಅವರೇ, ಎಚ್ಚರವೂ ಅಷ್ಟೇ, ಬದಲಾದದ್ದು ಕೈಯಲ್ಲಿದ್ದ ವಸ್ತು. ಅಮೆರಿಕ ೨೦೦೦ದ ನವೆಂಬರ್ ೬ರಂದು ಇದಕ್ಕೆಂದೇ ಕಾನೂನು ಮಾಡಿತು. ಅದರಲ್ಲಿ ನಮಗೆ ಬಹಳ ಹಿಡಿಸುವ ಒಂದು ಅಂಶವಿದೆ: ಯಾವ ಸುರಕ್ಷಾ ಸಾಧನ ಕೊಳ್ಳಬೇಕೆಂದು ತೀರ್ಮಾನಿಸುವಾಗ ರೋಗಿಗಳ ಹತ್ತಿರ ನೇರವಾಗಿ ಕೆಲಸ ಮಾಡುವವರ ಅಭಿಪ್ರಾಯವನ್ನು ಆಸ್ಪತ್ರೆ ಕೇಳಲೇಬೇಕು.

ಹಾಗಾದರೆ ಕೈ ಉಳಿಸುವ ಸಾಧನ ಯಾವುದು? ಒಂದು, ಸೂಜಿ ಒಳಸರಿಯುವ ಸಿರಿಂಜ್. ಪ್ಲಂಜರನ್ನು ಕೊನೆ ಮುಟ್ಟಿಸಿ ಇನ್ನೊಂದಿಷ್ಟು ಒತ್ತಿದರೆ ಒಳಗಿನ ಸ್ಪ್ರಿಂಗ್ ಬಿಟ್ಟುಕೊಂಡು, ಬಾಲ್‌ಪೆನ್ನಿನ ರಿಫಿಲ್ ಒಳಗೆ ಹೋದ ಹಾಗೆ ಸೂಜಿ ಕೊಳವೆಯೊಳಗೆ ಸೇರುತ್ತದೆ. ಕೆಡುವುದು ಎಲ್ಲಿ ಎಂದರೆ, ಔಷಧ ಮುಗಿದ ಕೂಡಲೇ ಹೆಬ್ಬೆರಳು ತೆಗೆಯುವ ರೂಢಿಯಲ್ಲಿ. ಆ ಕೊನೆಯ ಒತ್ತು ಬೀಳದಿದ್ದರೆ ಸೂಜಿ ಹೊರಗೇ ಉಳಿಯುತ್ತದೆ. ಇನ್ನೊಂದು, ಸೂಜಿಯ ಪಕ್ಕದಲ್ಲೇ ಮಡಚುವ ಅಥವಾ ಜಾರುವ ಕವಚ ಇರುವಂಥದ್ದು. ಸೂಜಿ ಹೊರತೆಗೆದು, ಅದೇ ಕೈಯ ಬೆರಳಿನಿಂದ ‘ಟಕ್’ ಎನ್ನುವವರೆಗೆ ಕವಚ ತಳ್ಳಬೇಕು. ಎರಡನೇ ಕೈ ಮುಂದೆ ಬಂದರೆ ಚುಚ್ಚುವುದು ಆ ಕೈಗೇ. ನೀವು ಕೆಲಸ ಮಾಡಿದರೆ ಮಾತ್ರ ಕೆಲಸ ಮಾಡುವ ಸಾಧನಕ್ಕಿಂತ ತಾನಾಗಿಯೇ ಮುಚ್ಚಿಕೊಳ್ಳುವ ಸಾಧನ ಎಷ್ಟೋ ಮೇಲು. ಫ್ರಾನ್ಸಿನ ಹಲವು ಆಸ್ಪತ್ರೆಗಳ ಅಧ್ಯಯನವೂ ಇದನ್ನೇ ಹೇಳಿದೆ.

ಮೊದಲು ಕೊಳ್ಳಬೇಕಾದದ್ದು ಮಾತ್ರ ಇವೆರಡೂ ಅಲ್ಲ. ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟ ಸೂಜಿಯಲ್ಲಿ ರಕ್ತ ಅತ್ಯಲ್ಪ. ರಕ್ತನಾಳದೊಳಗೆ ಹೋಗಿಬಂದ ಟೊಳ್ಳು ಸೂಜಿಯಲ್ಲಿ ರಕ್ತ ತುಂಬಿರುತ್ತದೆ, ಸೋಂಕಿನ ಅಪಾಯವೂ ಅದರಿಂದಲೇ ಹೆಚ್ಚು. ಆದ್ದರಿಂದ ಕೈಲಿರುವ ಹಣವನ್ನು ಮೊದಲು ಸುರಕ್ಷಾ ಕ್ಯಾನ್ಯುಲಾಗೆ, ಅಂದರೆ ಡ್ರಿಪ್ ಕೊಡಲು ರಕ್ತನಾಳದಲ್ಲಿ ಕೂರಿಸುವ ನಳಿಕೆಯ ಸುರಕ್ಷಿತ ಬಗೆಗೆ, ಹಾಕಿ. ಸಾದಾ ಕ್ಯಾನ್ಯುಲಾ ಹಾಕುವ ಗಳಿಗೆಯನ್ನು ನೆನೆಯಿರಿ: ಎಡಗೈ ಬೆರಳು ನಾಳವನ್ನು ಅದುಮಿ ರಕ್ತ ತಡೆಯುತ್ತಿದೆ, ಬಲಗೈ ಒಳಗಿನ ಉಕ್ಕಿನ ಸೂಜಿಯನ್ನು ಎಳೆದು ತೆಗೆದು ಡ್ರಿಪ್ ಸೆಟ್ ಜೋಡಿಸಬೇಕು, ರೋಗಿ ಕೈ ಕೊಸರುತ್ತಾನೆ. ರಕ್ತಸಿಕ್ತ ಸೂಜಿ ಹೋಗುವುದು ಹಾಸಿಗೆಯ ಮೇಲಕ್ಕೆ. ಆಮೇಲೆ ಅದು ಸಿಗುವುದು ಬೆಡ್‌ಶೀಟ್ ಬದಲಿಸುವವರ ಕೈಗೆ. ಸುರಕ್ಷಾ ಕ್ಯಾನ್ಯುಲಾದಲ್ಲಿ ಸೂಜಿ ಹೊರಬರುವಾಗಲೇ ಪುಟ್ಟ ಉಕ್ಕಿನ ಕ್ಲಿಪ್ ಮೊನೆಯನ್ನು ಮುಚ್ಚಿ ಹಿಡಿಯುತ್ತದೆ. ನೀವು ಏನನ್ನೂ ಒತ್ತಬೇಕಿಲ್ಲ. ಗುಂಡಿ ಒತ್ತಿದರೆ ಸೂಜಿ ಒಳಸರಿಯುವ ಬಗೆಯೂ ಇದೆ, ಆದರೆ ಆ ಗುಂಡಿಯನ್ನು ಮರೆಯುವ ಸಾಧ್ಯತೆ ಇದ್ದೇ ಇದೆ. ಆಯ್ಕೆ ಇದ್ದರೆ ಕ್ಲಿಪ್ ಇರುವುದನ್ನೇ ಕೇಳಿ. ಯಾವುದೇ ಬಗೆಯಾಗಲಿ, ಅರ್ಧ ಎಳೆದ ಸೂಜಿಯನ್ನು ಮತ್ತೆ ಒಳಗೆ ತೂರಿಸಬೇಡಿ. ಪ್ಲಾಸ್ಟಿಕ್ ನಳಿಕೆ ಕುಯ್ದು ತುಂಡಾಗಿ ರೋಗಿಯ ನಾಳದಲ್ಲೇ ಉಳಿದೀತು.

ಎರಡನೆಯದು ರಕ್ತ ತೆಗೆಯುವ ಸಾಧನ. ಸಿರಿಂಜಿನಲ್ಲಿ ರಕ್ತ ಎಳೆದು, ಎಡಗೈಯಲ್ಲಿ ಟ್ಯೂಬ್ ಹಿಡಿದು, ಅದರ ರಬ್ಬರ್ ಮುಚ್ಚಳಕ್ಕೆ ಸೂಜಿ ತೂರಿಸುವುದು ಇವತ್ತೂ ಎಷ್ಟೋ ಕಡೆ ನಡೆಯುತ್ತಿದೆ. ಸೂಜಿ ಜಾರಿದರೆ ಹೊಕ್ಕುವುದು ಎಡಗೈ ಬೆರಳಿಗೆ. ಹೋಲ್ಡರ್ ಮತ್ತು ನಿರ್ವಾತ ಟ್ಯೂಬ್ ಬಳಸಿದರೆ ರಕ್ತ ನೇರವಾಗಿ ಟ್ಯೂಬಿಗೇ ಹೋಗುತ್ತದೆ. ಅದು ಬರುವ ತನಕ ಟ್ಯೂಬನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ.

ಇವೆರಡಕ್ಕಿಂತ ಅಗ್ಗದ್ದು, ಇವೆರಡಕ್ಕಿಂತ ಮೊದಲೇ ಮಾಡಬಹುದಾದದ್ದು ಬಿಳಿ ಡಬ್ಬಿ. ಪ್ರತಿ ಇಂಜೆಕ್ಷನ್ ಟ್ರಾಲಿಯ ಮೇಲೂ ಒಂದಿರಲಿ, ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಬಾಯಿ ಕಾಣುವಂತೆ. ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ. ಇನ್ನೊಂದು ಹಿಡಿಸೀತೆಂದು ಬೆರಳಿನಿಂದ ಅದುಮುವುದೇ ಆಸ್ಪತ್ರೆಯ ಅತಿ ಅಪಾಯದ ಉಳಿತಾಯ. ಹಬ್ ಕಟರಿಗೆ ಸಿರಿಂಜನ್ನು ಅರ್ಧಂಬರ್ಧ ತೂರಿಸಿದರೆ ಸೂಜಿಯ ಮೋಟು ಉಳಿಯುತ್ತದೆ. ಸೂಜಿಯ ಬುಡದ ಪ್ಲಾಸ್ಟಿಕ್ ಅಲಗಿನ ಕೆಳಗೆ ಬರುವಷ್ಟು ಒಳಗೆ ಹಾಕಿಯೇ ಒತ್ತಬೇಕು. ಅಲಗು ಮೊಂಡಾಗಿ ಪ್ಲಾಸ್ಟಿಕ್ ಜಗಿದಂತಾದರೆ ಕಟರ್ ಬದಲಿಸುವ ಕಾಲ ಬಂತು. ವಿದ್ಯುತ್ತಿನಲ್ಲಿ ಸೂಜಿ ಸುಡುವ ಯಂತ್ರವನ್ನು ನಾವು ಮೆಚ್ಚುವುದಿಲ್ಲ. ಕರೆಂಟ್ ಹೋದರೆ ನಿಲ್ಲುತ್ತದೆ, ಕಿಡಿ ಹಾರುತ್ತದೆ, ಬುಡದಲ್ಲಿ ಚೂಪಾದ ಮೋಟು ಬಿಡುತ್ತದೆ. ಆಟೊ ಡಿಸೇಬಲ್ ಸಿರಿಂಜ್ ಬಳಸುವಾಗ ಇನ್ನೊಂದು ಮಾತು: ಔಷಧದ ಪುಟ್ಟ ಸೀಸೆಗೆ (ವಯಲ್) ಗಾಳಿ ತಳ್ಳಿ ಔಷಧ ಎಳೆಯುವ ಹಳೆಯ ಅಭ್ಯಾಸ ಬಿಡಿ. ಆ ತಳ್ಳುವಿಕೆಗೇ ಸಿರಿಂಜ್ ಲಾಕ್ ಆಗಿ ವ್ಯರ್ಥವಾಗುತ್ತದೆ.

ರೋಗಿಗಳ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಇನ್ಸುಲಿನ್ ಪೆನ್ನನ್ನು ಸೂಜಿ ಬದಲಿಸಿ ಇಬ್ಬರಿಗೆ ಬಳಸುವುದೂ ತಪ್ಪು. ಚುಚ್ಚಿದಾಗ ರಕ್ತದ ಕಣ ಹಿಮ್ಮುಖವಾಗಿ ಕಾರ್ಟ್ರಿಜ್‌ಗೆ ಸೇರಬಹುದು. ಒಬ್ಬರಿಗೆ ಒಂದೇ ಪೆನ್, ಮೇಲೆ ಹೆಸರಿನ ಚೀಟಿ. ಸಕ್ಕರೆ ಪರೀಕ್ಷೆಗೆ ಒಮ್ಮೆ ಚುಚ್ಚಿದ ಮೇಲೆ ಒಳಸರಿದು ಲಾಕ್ ಆಗುವ, ಬೆರಳಿಗೆ ಚುಚ್ಚುವ ಪುಟ್ಟ ಸೂಜಿ (ಲ್ಯಾನ್ಸೆಟ್) ತರಿಸಿ.

ಇನ್ನೊಮ್ಮೆ ಯಾರಿಗಾದರೂ ಚುಚ್ಚಿದರೆ: ಗಾಯ ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ನೇರ ಜಿಲ್ಲಾ ಆಸ್ಪತ್ರೆಯ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರಕ್ಕೋ ತುರ್ತು ವಿಭಾಗಕ್ಕೋ ಹೋಗಿ. ಮಾತ್ರೆ ಬೇಕೆಂದು ವೈದ್ಯರು ನಿರ್ಧರಿಸಿದರೆ ರೋಗಿಯ ರಕ್ತಪರೀಕ್ಷೆಯ ವರದಿಗೆ ಕಾಯದೆ ಮೊದಲ ಡೋಸ್ ನುಂಗಿ, ೨೮ ದಿನ ಬಿಡದೆ ಮುಗಿಸಬೇಕು. ಲಸಿಕೆಯಿಲ್ಲದವರಿಗೆ ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ೨೪ ಗಂಟೆಯೊಳಗೆ ಸಿಕ್ಕರೆ ಉತ್ತಮ.

ಆಡಳಿತಕ್ಕೆ ಮನವಿ ಬರೆಯುವಾಗ ‘ಸೇಫ್ಟಿ ಸಿರಿಂಜ್ ಬೇಕು’ ಎಂದಷ್ಟೇ ಬರೆದರೆ ಮತ್ತೆ ಅದೇ ಆಟೊ ಡಿಸೇಬಲ್ ಬರುತ್ತದೆ. ‘ಚುಚ್ಚುಗಾಯ ತಡೆಯುವ, ಕ್ಲಿಪ್ ಇರುವ ಕ್ಯಾನ್ಯುಲಾ, ೧೮, ೨೦, ೨೨ ಗೇಜ್’ ಎಂದು ಬಿಡಿಸಿ ಬರೆಯಿರಿ. ಮಾದರಿ ತರಿಸಿಕೊಂಡು, ಕೈಗವಸು ತೊಟ್ಟ ನರ್ಸುಗಳೇ ಬಳಸಿ ನೋಡಿದ ಮೇಲೆ ಆರ್ಡರ್ ಹೋಗಲಿ. ಚುಚ್ಚಿದ ಪ್ರತಿ ಸಂದರ್ಭವನ್ನೂ ರಿಜಿಸ್ಟರಿನಲ್ಲಿ ಬರೆಯಿಸಿ: ಯಾವ ಸಾಧನ, ಯಾವ ಹಂತದಲ್ಲಿ, ಡಬ್ಬಿ ಎಷ್ಟು ದೂರವಿತ್ತು. ಇದು ದಾನ ಬೇಡುವ ಮನವಿಯಲ್ಲ. ಎಚ್‌ಐವಿ ಸೋಂಕು ತಗಲುವ ಅಪಾಯವಿರುವ ಕೆಲಸಗಾರರಿಗೆ ರಕ್ಷಣಾ ಕ್ರಮ ಮತ್ತು ಚುಚ್ಚಿದ ನಂತರದ ಔಷಧ ಒದಗಿಸುವುದು ೨೦೧೭ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಆಸ್ಪತ್ರೆಯ ಹೊಣೆ. ೨೦೧೬ರ ತ್ಯಾಜ್ಯ ನಿಯಮ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಯನ್ನು ಆರೋಗ್ಯ ಸಿಬ್ಬಂದಿಗಷ್ಟೇ ಅಲ್ಲ, ತ್ಯಾಜ್ಯ ಮುಟ್ಟುವ ಇತರರಿಗೂ ಕೊಡಿಸಲು ಹೇಳುತ್ತದೆ. ಆಯಾ ಗುತ್ತಿಗೆಯವರು, ನಮ್ಮ ಪಟ್ಟಿಯಲ್ಲಿಲ್ಲ ಎಂದು ಆಡಳಿತ ಹೇಳಿದರೆ ಆ ಸಾಲನ್ನು ತೋರಿಸಿ, ೦, ೧, ೬ನೇ ತಿಂಗಳ ಮೂರೂ ಡೋಸಿನ ದಿನಾಂಕವನ್ನು ಬರೆಸಿಕೊಳ್ಳಿ.